ಎಲ್‌ಆರ್‌ಆರ್ ಹಾಕಬೇಕೋ, ಎಸ್‌ಎಸ್‌ಜಿ ಹಾಕಬೇಕೋ? ಪ್ರೆಷರ್-ಸ್ಟ್ರೈನ್ ಮಾಡೆಲ್ ಆರಿಸುವವರಿಗೆ

ಎಂ.ಟೆಕ್ ಪ್ರಾಜೆಕ್ಟ್ ಸಲ್ಲಿಸುವ ದಿನ ಹತ್ತಿರ ಬಂದಂತೆ ಕಲಬುರಗಿ, ಬೀದರ್ ಕಡೆಯ ಹುಡುಗ ಹುಡುಗಿಯರಿಂದ ಒಂದೇ ಪ್ರಶ್ನೆ ತಿರುತಿರುಗಿ ಬರುತ್ತದೆ. "ಸರ್, ಕೆ-ಎಪ್ಸಿಲಾನ್ ಸಾಲಲ್ಲ ಅಂತ ಗೈಡ್ ಹೇಳಿದ್ದಾರೆ. ರೆನಾಲ್ಡ್ಸ್ ಸ್ಟ್ರೆಸ್ ಮಾಡೆಲ್ ಹಾಕು ಅಂದ್ರು. ಮೆನು ತೆಗೆದ್ರೆ ಅದರೊಳಗೆ ಮತ್ತೆ ನಾಲ್ಕೈದು ಇವೆ. ಯಾವುದು ಹಾಕ್ಲಿ?" ಕಂಪ್ಯೂಟರಿನಲ್ಲಿ ಗಾಳಿ, ನೀರಿನ ಹರಿವಿನ ಲೆಕ್ಕ (ಸಿಎಫ್‌ಡಿ) ಹಾಕುವವರ ಮಾತಿದು. ಕೆ-ಎಪ್ಸಿಲಾನ್ ಎನ್ನುವುದು ಟರ್ಬುಲೆನ್ಸ್‌ಗೆ, ಅಂದರೆ ಹರಿವಿನ ಅಡ್ಡಾದಿಡ್ಡಿ ಏರಿಳಿತಕ್ಕೆ, ಎರಡು ಸಮೀಕರಣದ ಸಾದಾ ಮಾಡೆಲ್. ರೆನಾಲ್ಡ್ಸ್ ಸ್ಟ್ರೆಸ್ ಮಾಡೆಲ್ (ಆರ್‌ಎಸ್‌ಎಂ) ಬೇರೆ ಬೇರೆ ದಿಕ್ಕಿನ ಏರಿಳಿತಕ್ಕೆ ಬೇರೆ ಬೇರೆ ಸಮೀಕರಣ ಬಿಡಿಸುತ್ತದೆ, ಒಟ್ಟು ಏಳು. ಮೆನುವಿನ ನಾಲ್ಕೈದು ರೂಪಗಳು ಮುಖ್ಯವಾಗಿ ಬೇರೆಯಾಗುವುದು ಆ ಸಮೀಕರಣಗಳೊಳಗಿನ ಪ್ರೆಷರ್-ಸ್ಟ್ರೈನ್ ಎಂಬ ಟರ್ಮ್‌ನಲ್ಲಿ. ಒಬ್ಬರು ತೊಗರಿ ಬೇಳೆ ಮಿಲ್ಲಿನ ಸೈಕ್ಲೋನ್ (ಗಾಳಿಯನ್ನು ಸುತ್ತಿಸಿ ಧೂಳು ಬೇರ್ಪಡಿಸುವ ಸಾಧನ) ಹಿಡಿದಿರುತ್ತಾರೆ, ಇನ್ನೊಬ್ಬರು ಸೇಡಂ ಕಡೆಯ ಸಿಮೆಂಟ್ ಫ್ಯಾಕ್ಟರಿಯ ಪ್ರಿಹೀಟರ್ (ಕುಲುಮೆಗೆ ಹೋಗುವ ಪುಡಿಯನ್ನು ಮೊದಲೇ ಬಿಸಿ ಮಾಡುವ ಗೋಪುರ), ಮತ್ತೊಬ್ಬರು ಕಾಲುವೆ. ಮೂವರಿಗೂ ಒಂದೇ ಹೆಸರು ಹೇಳಿ ಕಳಿಸಿದರೆ ಕನಿಷ್ಠ ಇಬ್ಬರಿಗಾದರೂ ತಪ್ಪು ಹೇಳಿದಂತೆ.

ಯಾವ ಮಾಡೆಲ್ ಹೊಸದು, ಯಾವುದಕ್ಕೆ ಹೆಸರು ಜಾಸ್ತಿ ಅಂತ ನೋಡಿ ಆರಿಸುವುದು ಇಲ್ಲಿ ಕೆಲಸಕ್ಕೆ ಬರುವುದಿಲ್ಲ. ನಿಮ್ಮ ಹರಿವಿನಲ್ಲಿ ಪ್ರೆಷರ್-ಸ್ಟ್ರೈನ್‌ನ ಯಾವ ಭಾಗ ಆಟ ನಡೆಸುತ್ತಿದೆ ಎಂದು ಗೊತ್ತಾದರೆ ಮಾಡೆಲ್ ತಾನಾಗಿಯೇ ಗೊತ್ತಾಗುತ್ತದೆ. ಅದಕ್ಕೇ ಮೊದಲು ಆ ಟರ್ಮ್ ಏನು ಮಾಡುತ್ತದೆ ಎಂದು ನೋಡೋಣ.

ಈ ಟರ್ಮ್‌ನ ಕೆಲಸ ಏನು

ಒಂದು ಸಾದಾ ಶಿಯರ್ ಹರಿವು ತೆಗೆದುಕೊಳ್ಳಿ. ಗೋಡೆಯ ಪಕ್ಕದಲ್ಲಿ ನೀರು ಒಂದೇ ದಿಕ್ಕಿಗೆ ಹೋಗುತ್ತಿದೆ, ಮೇಲೆ ಹೋದಂತೆ ವೇಗ ಹೆಚ್ಚುತ್ತದೆ. ಸರಾಸರಿ ಹರಿವಿನಿಂದ ಟರ್ಬುಲೆನ್ಸ್‌ಗೆ ಬರುವ ಶಕ್ತಿಯೆಲ್ಲ ಹರಿವಿನ ದಿಕ್ಕಿನ ಏರಿಳಿತಕ್ಕೇ ಹೋಗುತ್ತದೆ. ಗೋಡೆಗೆ ಅಡ್ಡವಾದ ದಿಕ್ಕಿಗೂ ಪಕ್ಕದ ದಿಕ್ಕಿಗೂ ನೇರವಾಗಿ ಒಂದು ಪೈಸೆ ಸಿಗುವುದಿಲ್ಲ. ತಂದೆ ಆಸ್ತಿಯೆಲ್ಲ ಹಿರಿಯ ಮಗನ ಹೆಸರಿಗೆ ಬರೆದಂತೆ. ಅವನಿಂದ ಕಿತ್ತು ಉಳಿದ ಇಬ್ಬರು ತಮ್ಮಂದಿರಿಗೆ ಹಂಚುವ ಕೆಲಸ ಪ್ರೆಷರ್-ಸ್ಟ್ರೈನ್‌ನದು. ಸಾಂದ್ರತೆ ಬದಲಾಗದ ಹರಿವಿನಲ್ಲಿ ಅದು ಒಟ್ಟು ಶಕ್ತಿಯನ್ನು ಹೆಚ್ಚಿಸುವುದೂ ಇಲ್ಲ, ಕಡಿಮೆ ಮಾಡುವುದೂ ಇಲ್ಲ. ಪಾಲು ಮಾತ್ರ ಬದಲಾಗುತ್ತದೆ.

"ಪಾಲು ತಾನೇ, ಅದರಿಂದ ಏನು?" ಎಂದು ಕೇಳಬಹುದು. ಬಹಳ ಇದೆ. ಶಿಯರ್ ಸ್ಟ್ರೆಸ್ ಹುಟ್ಟುವುದು ಗೋಡೆಗೆ ಅಡ್ಡವಾದ ಏರಿಳಿತವನ್ನು ವೇಗದ ಇಳಿಜಾರಿನಿಂದ ಗುಣಿಸಿದಾಗ. ಆ ಅಡ್ಡ ಏರಿಳಿತಕ್ಕೆ ಶಕ್ತಿ ಬರುವ ದಾರಿ ಪ್ರೆಷರ್-ಸ್ಟ್ರೈನ್ ಒಂದೇ. ಹಂಚಿಕೆ ತಪ್ಪಿದರೆ ಶಿಯರ್ ಸ್ಟ್ರೆಸ್ ತಪ್ಪುತ್ತದೆ, ಅದು ತಪ್ಪಿದರೆ ವೇಗದ ನಕ್ಷೆಯೇ ತಪ್ಪುತ್ತದೆ. ಗೋಡೆಯಿಂದ ಸ್ವಲ್ಪ ದೂರದ ಲಾಗ್ ಪದರದಲ್ಲಿ ಹರಿವಿನ ದಿಕ್ಕಿನ ಪಾಲು ಸುಮಾರು 1 ಕೆ ಇದ್ದರೆ, ಪಕ್ಕದ್ದು 0.6 ಕೆ, ಅಡ್ಡದ್ದು 0.4 ಕೆ ಆಸುಪಾಸು. ಇಲ್ಲಿ ಕೆ ಅಂದರೆ ಟರ್ಬುಲೆನ್ಸ್‌ನ ಒಟ್ಟು ಚಲನಶಕ್ತಿ. ಕೆ-ಎಪ್ಸಿಲಾನ್ ಮಾಡೆಲ್ ಇದೇ ಜಾಗದಲ್ಲಿ ಮೂವರಿಗೂ ಸಮಪಾಲು ಕೊಡುತ್ತದೆ, ತಲಾ ಮೂರನೇ ಎರಡು ಕೆ.

ಇನ್ನು ಒತ್ತಡದ ಏರಿಳಿತಕ್ಕೆ ಮೂರು ಮೂಲಗಳಿವೆ. ಸುಳಿಗಳು ಒಂದಕ್ಕೊಂದು ತಾಗಿ ಹುಟ್ಟಿಸುವುದು ಒಂದು. ಇದಕ್ಕೆ ಸ್ಲೋ ಭಾಗ ಅನ್ನುತ್ತಾರೆ. ಸರಾಸರಿ ಹರಿವಿನ ಎಳೆತ, ತಿರುವು ಸುಳಿಗಳ ಮೇಲೆ ಬಿದ್ದು ಹುಟ್ಟುವುದು ಎರಡನೆಯದು, ರ‍್ಯಾಪಿಡ್ ಭಾಗ. ಗೋಡೆಗೆ ಬಡಿದು ಪ್ರತಿಫಲಿಸಿ ಬರುವುದು ಮೂರನೆಯದು, ವಾಲ್ ಭಾಗ. ಮಾಡೆಲ್‌ಗಳೆಲ್ಲ ಈ ಮೂರನ್ನು ಬೇರೆ ಬೇರೆ ರೀತಿ ಅಂದಾಜು ಮಾಡುತ್ತವೆ, ಅಷ್ಟೇ.

ಏನೇನು ನೋಡಿ ಆರಿಸಬೇಕು

ಮೊದಲನೆಯದು: ನಿಮಗೆ ಇದು ಬೇಕೇ ಬೇಕಾ? ಹರಿವಿನಲ್ಲಿ ಜೋರಾದ ಸುತ್ತು ಇದೆಯಾ, ಇಡೀ ಯಂತ್ರವೇ ತಿರುಗುತ್ತದೆಯಾ, ಗೋಡೆ ತೀವ್ರವಾಗಿ ಬಾಗಿದೆಯಾ, ಚೌಕಾಕಾರದ ಮೂಲೆಗಳಿವೆಯಾ? ಯಾವುದೂ ಇಲ್ಲದಿದ್ದರೆ ಈ ಲೇಖನ ಇಲ್ಲಿಗೇ ಮುಚ್ಚಿ ಕೆ-ಎಪ್ಸಿಲಾನ್ ಅಥವಾ ಕೆ-ಒಮೆಗಾ ಎಸ್‌ಎಸ್‌ಟಿ (ಅದೂ ಎರಡು ಸಮೀಕರಣದ್ದೇ) ಹಾಕಿ. ನೇರ ಪೈಪಿನ ಒತ್ತಡ ನಷ್ಟ ಲೆಕ್ಕ ಹಾಕಲು ಏಳು ಸಮೀಕರಣ ಬೇಕಾಗಿಲ್ಲ. ಮೆಟ್ಟಿಲಿನಂತೆ ತಟ್ಟನೆ ಇಳಿಯುವ ಗೋಡೆಯ ಹಿಂದೆ ಹರಿವು ಗೋಡೆಯಿಂದ ಬೇರ್ಪಡುವಂಥ ಕೇಸ್‌ಗಳಲ್ಲೂ ದೊಡ್ಡ ಲಾಭ ಖಂಡಿತ ಸಿಗುತ್ತದೆ ಅಂತ ಆಸೆ ಇಟ್ಟುಕೊಳ್ಳಬೇಡಿ. ಪ್ರೆಷರ್-ಸ್ಟ್ರೈನ್ ಎಷ್ಟೇ ಚೆನ್ನಾಗಿದ್ದರೂ ಅದರ ಜೊತೆ ಓಡುವ ಎಪ್ಸಿಲಾನ್ (ಟರ್ಬುಲೆನ್ಸ್ ಶಕ್ತಿ ಶಾಖವಾಗಿ ಕರಗುವ ದರ) ಸಮೀಕರಣ ಹಳೆಯದೇ ಅಲ್ವಾ? ಅಲ್ಲಿನ ತಪ್ಪು ಹಾಗೇ ಉಳಿಯುತ್ತದೆ.

ಎರಡನೆಯದು, ನಿಮ್ಮ ಉತ್ತರ ಎಲ್ಲಿದೆ: ಗೋಡೆಯ ಮೇಲೋ, ಗೋಡೆಯಿಂದ ದೂರವೋ? ಶಾಖದ ವರ್ಗಾವಣೆ ಬೇಕಿದ್ದರೆ ಗೋಡೆ. ಸೈಕ್ಲೋನಿನ ನಡುವಿನ ಸುಳಿ ಬೇಕಿದ್ದರೆ ದೂರ.

ಮೂರನೆಯದು ಬಜೆಟ್. ಇಲ್ಲಿ ಬಜೆಟ್ ಎಂದರೆ ರೂಪಾಯಿಗಿಂತ ಮೆಶ್, ಅಂದರೆ ಹರಿವಿನ ಜಾಗವನ್ನು ಸಣ್ಣ ಸೆಲ್‌ಗಳಾಗಿ ಕತ್ತರಿಸಿದ ಜಾಲ. ವಾಲ್ ಫಂಕ್ಷನ್ (ಗೋಡೆಗೆ ಅಂಟಿದ ಪದರವನ್ನು ಬಿಡಿಸದೆ ಸೂತ್ರದಿಂದ ತುಂಬುವುದು) ಹಾಕಿ ಮೊದಲ ಸೆಲ್ಲನ್ನು ವೈ-ಪ್ಲಸ್ (ಗೋಡೆಯಿಂದ ದೂರದ ಅಳತೆ) 30ರ ಮೇಲೆ ಇಟ್ಟುಕೊಳ್ಳುವುದು ಒಂದು ದಾರಿ. ವೈ-ಪ್ಲಸ್ 1ರ ತನಕ ಇಳಿಯುವುದು ಇನ್ನೊಂದು. ಎರಡರ ನಡುವೆ ಸೆಲ್‌ಗಳ ಸಂಖ್ಯೆ ಎಷ್ಟೋ ಪಟ್ಟು ಬದಲಾಗುತ್ತದೆ. ಸಮೀಕರಣಗಳ ಖರ್ಚು ಅಂದುಕೊಂಡಷ್ಟು ಇಲ್ಲ. ಪ್ರತಿ ಇಟರೇಶನ್‌ಗೆ ರೆನಾಲ್ಡ್ಸ್ ಸ್ಟ್ರೆಸ್ ಮಾಡೆಲ್ ಕೆ-ಎಪ್ಸಿಲಾನ್‌ಗಿಂತ ಸುಮಾರು 50ರಿಂದ 60 ಶೇಕಡಾ ಹೆಚ್ಚು ಸಮಯ ತಿನ್ನುತ್ತದೆ, ಮೆಮೊರಿ 15ರಿಂದ 20 ಶೇಕಡಾ ಹೆಚ್ಚು. ನಿಜವಾದ ಖರ್ಚು ಇರುವುದು ಇಟರೇಶನ್‌ಗಳ ಸಂಖ್ಯೆಯಲ್ಲಿ ಮತ್ತು ಲೆಕ್ಕ ಕನ್ವರ್ಜ್ ಆಗದೆ, ಅಂದರೆ ಉತ್ತರ ಒಂದು ಕಡೆ ನಿಲ್ಲದೆ, ಕೂತ ರಾತ್ರಿಗಳಲ್ಲಿ.

ನಾಲ್ಕನೆಯದು, ನಿಮ್ಮ ಕೈಯಲ್ಲಿರುವ ಸಾಫ್ಟ್‌ವೇರ್. ಲ್ಯಾಬಿನಲ್ಲಿ ಫ್ಲುಯೆಂಟ್ ಲೈಸೆನ್ಸ್ ಇದ್ದರೆ ಒಂದು ಮಾತು. ಸ್ಟೂಡೆಂಟ್ ಆವೃತ್ತಿಯಾದರೆ ಸೆಲ್‌ಗಳಿಗೆ ಮಿತಿ ಇರುತ್ತದೆ. ಓಪನ್‌ಫೋಮ್ ಮತ್ತು ಕೋಡ್-ಸ್ಯಾಟರ್ನ್ ಪುಕ್ಕಟೆ, ಮಿತಿ ಇಲ್ಲ, ಆದರೆ ಕಲಿಯಲು ಸಮಯ ಬೇಕು.

ಎಲ್‌ಆರ್‌ಆರ್: ಹಳೆಯದು, ಆದರೆ ಯಾವ ಎಲ್‌ಆರ್‌ಆರ್?

1951ರಲ್ಲಿ ಜರ್ಮನಿಯ ರೋಟಾ ಸ್ಲೋ ಭಾಗಕ್ಕೆ ಒಂದು ಸರಳ ನಿಯಮ ಕೊಟ್ಟರು. ಪಾಲು ಎಷ್ಟು ಅಸಮವಾಗಿದೆಯೋ ಅಷ್ಟು ಜೋರಾಗಿ ಅದು ಸಮಪಾಲಿನ ಕಡೆ ಮರಳುತ್ತದೆ. 1975ರಲ್ಲಿ ಲಾಂಡರ್, ರೀಸ್, ರೋಡಿ ಮೂವರು ಇದಕ್ಕೆ ರ‍್ಯಾಪಿಡ್ ಭಾಗ ಸೇರಿಸಿದರು. ಮೂವರ ಇನಿಶಿಯಲ್ ಸೇರಿ ಎಲ್‌ಆರ್‌ಆರ್.

ಗೊಂದಲ ಇಲ್ಲೇ ಶುರು. ಆ ಪ್ರಬಂಧದಲ್ಲೇ ರ‍್ಯಾಪಿಡ್ ಭಾಗಕ್ಕೆ ಎರಡು ರೂಪಗಳಿವೆ. ಕ್ಯುಐ (ಕ್ವಾಸಿ-ಐಸೊಟ್ರೋಪಿಕ್) ಎನ್ನುವುದು ಪೂರ್ತಿ ರೂಪ, ಗುಣಾಂಕಗಳು 1.5 ಮತ್ತು 0.4. ಐಪಿ (ಐಸೊಟ್ರೊಪೈಸೇಶನ್ ಆಫ್ ಪ್ರೊಡಕ್ಷನ್) ಎನ್ನುವುದು ಚಿಕ್ಕ ರೂಪ. ಶಕ್ತಿ ಉತ್ಪಾದನೆಯೇ ಎಷ್ಟು ಅಸಮವೋ ಅದರಲ್ಲಿ 0.6 ಪಾಲನ್ನು ಸಮ ಮಾಡು ಎನ್ನುವುದೇ ಅದರ ಸಾರ. ಸ್ಲೋ ಭಾಗಕ್ಕೆ 1.8. ಓಪನ್‌ಫೋಮ್‌ನಲ್ಲಿ ಎಲ್‌ಆರ್‌ಆರ್ ಎಂದು ಬರೆದರೆ ನಿಮಗೆ ಸಿಗುವುದು ಈ ಐಪಿ ರೂಪ, ಜೊತೆಗೆ 1978ರ ಗಿಬ್ಸನ್-ಲಾಂಡರ್ ವಾಲ್ ರಿಫ್ಲೆಕ್ಷನ್ (ವಾಲ್ ಭಾಗದ ಟರ್ಮ್) ಆನ್ ಆಗಿಯೇ ಬರುತ್ತದೆ, 0.5 ಮತ್ತು 0.3 ಗುಣಾಂಕಗಳೊಂದಿಗೆ. ಫ್ಲುಯೆಂಟ್‌ನ ಲೀನಿಯರ್ ಪ್ರೆಷರ್-ಸ್ಟ್ರೈನ್ ಕೂಡ ಇದೇ ಮನೆತನದ್ದು. ಯಾರೋ ಒಬ್ಬರ ಪೇಪರಿನ ಎಲ್‌ಆರ್‌ಆರ್ ಫಲಿತಾಂಶದ ಜೊತೆ ನಿಮ್ಮದು ಕೂಡಿಬರಲಿಲ್ಲ ಅಂದರೆ ಮೊದಲು ಅವರದು ಕ್ಯುಐಯೋ ಐಪಿಯೋ ಅಂತ ನೋಡಿ.

ಐಪಿಯ ಹೆಚ್ಚುಗಾರಿಕೆ ಅದರ ಸರಳತೆ. ಬೇರೆಯವುಗಳಿಗಿಂತ ಬೇಗ ಸ್ಥಿರವಾಗುತ್ತದೆ. ನೇರ ಗೋಡೆಗಳ ಚಾನೆಲ್, ಡಕ್ಟ್, ಬೌಂಡರಿ ಲೇಯರ್‌ಗಳಲ್ಲಿ ಮಾತು ಉಳಿಸಿಕೊಳ್ಳುತ್ತದೆ. ಆದರೆ ವಾಲ್ ರಿಫ್ಲೆಕ್ಷನ್ ಇಲ್ಲದೆ ಅದು ಗೋಡೆಯ ಬಳಿ ಅಡ್ಡ ಏರಿಳಿತಕ್ಕೆ ಪಾಲು ಜಾಸ್ತಿ ಕೊಟ್ಟುಬಿಡುತ್ತದೆ. ಆ ರಿಫ್ಲೆಕ್ಷನ್ ಟರ್ಮ್‌ಗೆ ಗೋಡೆಯ ದೂರವೂ ಬೇಕು, ಗೋಡೆಯ ದಿಕ್ಕೂ ಬೇಕು. ಒಂದೇ ಸಪಾಟು ಗೋಡೆಯಿದ್ದರೆ ಚಿಂತೆಯಿಲ್ಲ. ಸೈಕ್ಲೋನಿನ ಒಳಗೆ ಹೊರ ಗೋಡೆ, ಶಂಕು, ಮೇಲಿನ ಮುಚ್ಚಳ, ನಡುವಿನ ವೋರ್ಟೆಕ್ಸ್ ಫೈಂಡರ್ (ಗಾಳಿ ಹೊರಹೋಗುವ ಕೊಳವೆ), ಎಲ್ಲ ಹತ್ತಿರ ಹತ್ತಿರ. ಯಾವ ಗೋಡೆಯ ದಿಕ್ಕು ಹಿಡಿಯಬೇಕು?

ಇನ್ನೊಂದು ಕಡೆ ಇದು ನೇರವಾಗಿ ಕೈಕೊಡುತ್ತದೆ. ಜೆಟ್ ಬಂದು ಗೋಡೆಗೆ ಎದುರಾಗಿ ಬಡಿಯುವ ಕೇಸ್. ಅಲ್ಲಿ ಗೋಡೆ ಅಡ್ಡ ಏರಿಳಿತವನ್ನು ತಗ್ಗಿಸಬೇಕು. ಗಿಬ್ಸನ್-ಲಾಂಡರ್ ರೂಪ ಅದನ್ನು ಹೆಚ್ಚಿಸುತ್ತದೆ. ಇದನ್ನು ಸರಿಪಡಿಸಲೆಂದೇ 1992ರಲ್ಲಿ ಕ್ರಾಫ್ಟ್ ಮತ್ತು ಲಾಂಡರ್ ಬೇರೆ ವಾಲ್ ಟರ್ಮ್ ಕೊಟ್ಟರು. ಬಿಸಿ ಪ್ಲೇಟಿಗೆ ಗಾಳಿ ಹೊಡೆದು ತಣ್ಣಗೆ ಮಾಡುವ ಪ್ರಾಜೆಕ್ಟ್ ಇದ್ದವರು ಎಲ್‌ಆರ್‌ಆರ್-ಐಪಿಯನ್ನು ಮುಟ್ಟದಿರುವುದೇ ಒಳ್ಳೆಯದು.

ಎಸ್‌ಎಸ್‌ಜಿ: ಸುತ್ತು ಇದ್ದಲ್ಲಿ ನನ್ನ ಮೊದಲ ಆಯ್ಕೆ

1991ರಲ್ಲಿ ಸ್ಪೆಜಿಯಾಲೆ, ಸರ್ಕಾರ್, ಗ್ಯಾಟ್ಸ್ಕಿ ಕೊಟ್ಟದ್ದು ಇದು. ಫ್ಲುಯೆಂಟ್‌ನಲ್ಲಿ ಕ್ವಾಡ್ರಾಟಿಕ್ ಪ್ರೆಷರ್-ಸ್ಟ್ರೈನ್ ಎಂಬ ಹೆಸರಿನಲ್ಲಿ ಸಿಗುತ್ತದೆ. ಓಪನ್‌ಫೋಮ್‌ನಲ್ಲಿ ಎಸ್‌ಎಸ್‌ಜಿ ಎಂದೇ ಇದೆ. ಸ್ಲೋ ಭಾಗದಲ್ಲಿ ರೋಟಾ ನಿಯಮದ ಜೊತೆ ಅಸಮತೆಯ ವರ್ಗದ (ಸ್ಕ್ವೇರ್) ಟರ್ಮ್ ಸೇರಿದೆ. ರ‍್ಯಾಪಿಡ್ ಭಾಗದ ಒಂದು ಗುಣಾಂಕವೂ ಅಸಮತೆಗೆ ತಕ್ಕಂತೆ ಬದಲಾಗುತ್ತದೆ. ಗುಣಾಂಕಗಳು ಒಟ್ಟು ಏಳು.

ಇದರ ಬಲ ತಿರುಗುವ ಹರಿವಿನಲ್ಲಿ ಕಾಣುತ್ತದೆ. ಏಕರೂಪದ ಶಿಯರ್ ಹರಿವನ್ನು ತಿರುಗಿಸಿದರೆ ಟರ್ಬುಲೆನ್ಸ್ ಬೆಳೆಯುತ್ತದೋ ಸಾಯುತ್ತದೋ ಎನ್ನುವುದು ತಿರುಗುವ ವೇಗ ಮತ್ತು ಶಿಯರ್‌ನ ಅನುಪಾತದ ಮೇಲೆ ನಿಂತಿದೆ. ಸ್ಥಿರತೆಯ ಸಿದ್ಧಾಂತದ ಪ್ರಕಾರ ಅನುಪಾತ 0ಯಿಂದ 0.5ರ ತನಕ ಟರ್ಬುಲೆನ್ಸ್ ಬೆಳೆಯಬೇಕು. ಎಸ್‌ಎಸ್‌ಜಿ ಇದರ ಹತ್ತಿರ ನಿಲ್ಲುತ್ತದೆ. ಎಲ್‌ಆರ್‌ಆರ್ 0.4ರ ಹತ್ತಿರವೇ ಟರ್ಬುಲೆನ್ಸನ್ನು ಮಲಗಿಸಿಬಿಡುತ್ತದೆ. ಕೆ-ಎಪ್ಸಿಲಾನ್‌ಗೆ ತಿರುಗುತ್ತಿದೆ ಎನ್ನುವುದೇ ಗೊತ್ತಾಗುವುದಿಲ್ಲ, ಏಕೆಂದರೆ ಅದರ ಸಮೀಕರಣದಲ್ಲಿ ಕೊರಿಯೋಲಿಸ್ ಟರ್ಮ್‌ಗೆ, ಅಂದರೆ ತಿರುಗುವುದರಿಂದ ಬರುವ ಬಲಕ್ಕೆ, ಜಾಗವೇ ಇಲ್ಲ.

ಇನ್ನೊಂದು ಲಾಭ: ಲಾಗ್ ಪದರದ ತನಕ ಪ್ರತ್ಯೇಕ ವಾಲ್ ರಿಫ್ಲೆಕ್ಷನ್ ಇಲ್ಲದೆಯೇ ಪಾಲು ತಕ್ಕಮಟ್ಟಿಗೆ ಸರಿ ಬರುತ್ತದೆ. ಗೋಡೆಯ ದಿಕ್ಕಿನ ತಲೆನೋವು ತಪ್ಪಿತು. ಸೈಕ್ಲೋನ್ ಮಾಡುವವರಿಗೆ ಇದು ದೊಡ್ಡ ವಿಷಯ. ಆದರೆ ಅದರ ಕೆಳಗೆ, ಜಿಗುಟಿನ ತೆಳು ಪದರಕ್ಕೆ, ಎಸ್‌ಎಸ್‌ಜಿ ಇಳಿಯುವುದಿಲ್ಲ. ವಾಲ್ ಫಂಕ್ಷನ್ ಬೇಕೇ ಬೇಕು. ವೈ-ಪ್ಲಸ್ 1ರ ಮೆಶ್ ಮಾಡಿ ಎಪ್ಸಿಲಾನ್ ಆಧಾರದ ಎಸ್‌ಎಸ್‌ಜಿ ಹಾಕುವವರನ್ನು ನೋಡಿದರೆ ಬೇಸರವಾಗುತ್ತದೆ. ಅಷ್ಟು ಸೆಲ್ ಖರ್ಚು ಮಾಡಿದ್ದು ಸುಮ್ನೆ ಹೋಯಿತು.

ಒಮೆಗಾ ಆಧಾರದವು

ಗೋಡೆಯ ತನಕ ಇಳಿಯಬೇಕು, ಜೊತೆಗೆ ಹೊರಗಿನ ಸುಳಿಯೂ ಬೇಕು ಎನ್ನುವವರಿಗೆ ಎಪ್ಸಿಲಾನ್ ಬದಲು ಒಮೆಗಾ (ಶಕ್ತಿ ಕರಗುವ ವೇಗದ ಇನ್ನೊಂದು ಅಳತೆ) ಬಳಸುವ ಎಸ್‌ಎಸ್‌ಜಿ-ಎಲ್‌ಆರ್‌ಆರ್-ಒಮೆಗಾ ಇದೆ. ಜರ್ಮನಿಯ ಡಿಎಲ್‌ಆರ್ ಸಂಸ್ಥೆಯಲ್ಲಿ ಐಸ್‌ಫೆಲ್ಡ್ ಮತ್ತು ಸಂಗಡಿಗರು ಬೆಳೆಸಿದ್ದು. ಗೋಡೆಯ ಬಳಿ ಎಲ್‌ಆರ್‌ಆರ್, ದೂರ ಹೋದಂತೆ ಎಸ್‌ಎಸ್‌ಜಿ, ನಡುವೆ ನಿಧಾನಕ್ಕೆ ಬದಲಾಗುತ್ತದೆ. ವಿಮಾನದ ರೆಕ್ಕೆ ಮತ್ತು ಒಡಲು ಕೂಡುವ ಮೂಲೆ, ರೆಕ್ಕೆಯ ತುದಿಯ ಸುಳಿ ಇಂಥ ಕೆಲಸಕ್ಕೆ ಹೇಳಿ ಮಾಡಿಸಿದ್ದು. ಬೀದರಿನಲ್ಲಿ ವಾಯುಪಡೆಯ ತರಬೇತಿ ವಿಮಾನಗಳನ್ನು ನೋಡುತ್ತಾ ಬೆಳೆದ ಹುಡುಗರು ರೆಕ್ಕೆಯನ್ನೇ ಪ್ರಾಜೆಕ್ಟ್ ಮಾಡಿಕೊಳ್ಳುತ್ತಾರೆ. ಅವರಿಗೆ ಇದನ್ನೇ ಹೇಳುತ್ತೇನೆ. ಫ್ಲುಯೆಂಟ್‌ನ ಸ್ಟ್ರೆಸ್-ಒಮೆಗಾ ಎಲ್‌ಆರ್‌ಆರ್ ಮೇಲೆ ನಿಂತದ್ದು, ವಾಲ್ ರಿಫ್ಲೆಕ್ಷನ್ ಕೇಳುವುದಿಲ್ಲ.

ಎಲಿಪ್ಟಿಕ್ ಬ್ಲೆಂಡಿಂಗ್: ಗೋಡೆಯೇ ಮುಖ್ಯವಾದವರಿಗೆ

ಗೋಡೆಯ ಪ್ರಭಾವ ಒಂದು ಬಿಂದುವಿನಲ್ಲಿ ನಿಂತಿರುವುದಿಲ್ಲ, ದೂರಕ್ಕೂ ಹರಡುತ್ತದೆ. ಡರ್ಬಿನ್ 1990ರ ದಶಕದ ಆರಂಭದಲ್ಲಿ ಇದನ್ನೇ ಹಿಡಿದರು. ಪ್ರೆಷರ್-ಸ್ಟ್ರೈನ್‌ಗೆ ಗೋಡೆ ದೂರದ ಸೂತ್ರ ಕೊಡುವ ಬದಲು ಒಂದು ಎಲಿಪ್ಟಿಕ್ ಸಮೀಕರಣ (ಪ್ರತಿ ಬಿಂದುವಿಗೂ ಸುತ್ತಲಿನ ಪ್ರಭಾವ ತರುವಂಥದ್ದು) ಬಿಡಿಸಿದರು. ಅದು ಆರು ಘಟಕಗಳಿಗೂ ಬೇಕಿತ್ತು, ಭಾರವಾಯಿತು. 2002ರಲ್ಲಿ ಮಾನ್ಸೋ ಮತ್ತು ಹಂಜಾಲಿಚ್ ಅದನ್ನು ಒಂದೇ ಹೆಚ್ಚುವರಿ ಸಮೀಕರಣಕ್ಕೆ ಇಳಿಸಿದರು. ಅದೇ ಎಲಿಪ್ಟಿಕ್ ಬ್ಲೆಂಡಿಂಗ್. ದೂರದಲ್ಲಿ ಎಸ್‌ಎಸ್‌ಜಿ, ಗೋಡೆಯಲ್ಲಿ ಗೋಡೆಗೆ ತಕ್ಕ ನಿಯಮ.

ಬೆಲೆ ಗೊತ್ತಲ್ಲ, ವೈ-ಪ್ಲಸ್ 1ರ ಮೆಶ್. ಫ್ರಾನ್ಸಿನ ಇಡಿಎಫ್ ಮಾಡಿದ ಕೋಡ್-ಸ್ಯಾಟರ್ನ್‌ನಲ್ಲಿ ಇದು ಪುಕ್ಕಟೆ ಸಿಗುತ್ತದೆ. ಸ್ಟಾರ್-ಸಿಸಿಎಂ-ಪ್ಲಸ್‌ನಲ್ಲೂ ಇದೆ. ಶಾಖ ವರ್ಗಾವಣೆ, ಎದುರು ಬಡಿಯುವ ಜೆಟ್ ಇದ್ದರೆ ಖರ್ಚು ಮಾಡಿದ್ದಕ್ಕೆ ಬೆಲೆ ಸಿಗುತ್ತದೆ. ಲ್ಯಾಪ್‌ಟಾಪಿನಲ್ಲಿ ಪೂರ್ತಿ ಮೂರು ಆಯಾಮದ ಕೇಸ್ ಬೇಡ.

ಪಾಲು ಬೇಕು, ಏಳು ಸಮೀಕರಣ ಬೇಡ ಎನ್ನುವವರಿಗೆ ನಡುವಿನ ದಾರಿಯೂ ಇದೆ. ಎಲ್‌ಆರ್‌ಆರ್ ಅಥವಾ ಎಸ್‌ಎಸ್‌ಜಿಯನ್ನೇ ಬೀಜಗಣಿತಕ್ಕೆ ಇಳಿಸಿ ಎರಡೇ ಸಮೀಕರಣದ ಮೇಲೆ ಓಡಿಸುವ ಮಾಡೆಲ್‌ಗಳಿವೆ. 2000ದಲ್ಲಿ ಬಂದ ವಾಲಿನ್-ಯೋಹಾನ್ಸನ್ ರೂಪ ಹೆಸರಾದದ್ದು. ಚೌಕದ ಡಕ್ಟಿನ ಮೂಲೆಯ ಹರಿವು ಇದರಲ್ಲೂ ಕಾಣುತ್ತದೆ. ಆದರೆ ಸುಳಿ ಹಿಂದೆ ಎಲ್ಲಿತ್ತು, ಈಗ ಎಲ್ಲಿಗೆ ಬಂತು ಎನ್ನುವ ನೆನಪು ಇದಕ್ಕೆ ಕಡಿಮೆ. ಸೈಕ್ಲೋನಿಗೆ ನಾನು ಹೇಳುವುದಿಲ್ಲ.

ನಮ್ಮ ಕಡೆಯ ಕೇಸ್‌ಗಳಿಗೆ ಇಟ್ಟು ನೋಡಿದರೆ

ಬೇಳೆ ಮಿಲ್ಲಿನ ಹೊಟ್ಟು, ಧೂಳು ಹಿಡಿಯುವ ಸೈಕ್ಲೋನ್. ಒಳಗೆ ಹೊರಭಾಗದಲ್ಲಿ ಒಂದು ರೀತಿಯ ಸುತ್ತು, ನಡುವೆ ಗಟ್ಟಿ ವಸ್ತುವಿನಂತೆ ತಿರುಗುವ ಸುಳಿ. ಕೆ-ಎಪ್ಸಿಲಾನ್ ಹಾಕಿದರೆ ಈ ಎರಡರ ವ್ಯತ್ಯಾಸ ಅಳಿಸಿ ಇಡೀ ಸೈಕ್ಲೋನನ್ನೇ ಗಟ್ಟಿ ವಸ್ತುವಿನಂತೆ ತಿರುಗಿಸುತ್ತದೆ. ಚಿತ್ರ ಚೆಂದ ಬರುತ್ತದೆ, ಲೆಕ್ಕ ಕೆಡುತ್ತದೆ. ಇಲ್ಲಿ ಎಸ್‌ಎಸ್‌ಜಿ, ವಾಲ್ ಫಂಕ್ಷನ್, ಮತ್ತು ಸಮಯದ ಜೊತೆ ಓಡುವ ಲೆಕ್ಕ. ಸ್ಟೆಡಿ ಹಾಕಬೇಡಿ, ಏಕೆಂದರೆ ನಡುವಿನ ಸುಳಿ ಒಂದು ಕಡೆ ನಿಲ್ಲದೆ ಅಕ್ಷದ ಸುತ್ತ ಅಲೆಯುತ್ತದೆ. ಎಸ್‌ಎಸ್‌ಜಿ ಹಟ ಮಾಡಿ ನಿಲ್ಲುತ್ತಲೇ ಇಲ್ಲ ಎಂದಾದರೆ ಎಲ್‌ಆರ್‌ಆರ್-ಐಪಿಗೆ ಇಳಿಯಬಹುದು. ಸೈಕ್ಲೋನ್ ಕೆಲಸಗಳಲ್ಲಿ ಅದನ್ನು ಬಹಳ ಜನ ಬಳಸಿದ್ದಾರೆ, ಒತ್ತಡ ನಷ್ಟದ ಮಟ್ಟಿಗೆ ನಂಬಬಹುದು.

ಪ್ರಿಹೀಟರ್ ಕೂಡ ಸೈಕ್ಲೋನೇ, ಆದರೆ ನಾಲ್ಕರಿಂದ ಆರು ಹಂತ, ಬಿಸಿ ಗ್ಯಾಸ್, ತುಂಬಾ ಪುಡಿ. ಸೇಡಂ, ವಾಡಿ, ಮಳಖೇಡ ಕಡೆಯ ಪ್ಲಾಂಟ್‌ಗಳ ಡ್ರಾಯಿಂಗ್ ಸಿಕ್ಕಿತೆಂದು ಇಡೀ ಗೋಪುರ ಹಾಕಿಕೊಳ್ಳಬೇಡಿ. ಒಂದೇ ಹಂತ ತೆಗೆದುಕೊಳ್ಳಿ. ಪುಡಿಯ ಹೊರೆ ಜಾಸ್ತಿ ಇದ್ದಲ್ಲಿ ಅದೇ ಸುತ್ತನ್ನು ಕುಗ್ಗಿಸುತ್ತದೆ. ಆಗ ಪ್ರೆಷರ್-ಸ್ಟ್ರೈನ್‌ಗಿಂತ ಪುಡಿ ಮತ್ತು ಗ್ಯಾಸಿನ ನಡುವಿನ ಕೊಡುಕೊಳ್ಳುವಿಕೆ ದೊಡ್ಡದಾಗುತ್ತದೆ.

ಯಾದಗಿರಿ ಕಡೆಯವರು ನಾರಾಯಣಪುರ ಎಡದಂಡೆ ಕಾಲುವೆ ಎನ್ನುತ್ತಾರೆ. ಎಷ್ಟು ನೀರು ಹೋಗುತ್ತದೆ ಎಂದಷ್ಟೇ ಬೇಕಿದ್ದರೆ ಮ್ಯಾನಿಂಗ್ ಸೂತ್ರ ಸಾಕು, ಸಿಎಫ್‌ಡಿಯೇ ಬೇಡ. ಮೂಲೆಯಲ್ಲಿ ಹೂಳು ಏಕೆ ಕೂರುತ್ತದೆ ಎನ್ನುವುದು ಪ್ರಶ್ನೆಯಾದರೆ ಮಾತು ಬೇರೆ. ನೇರ ಕಾಲುವೆಯಲ್ಲೂ ಮೂಲೆಗಳ ಕಡೆ ನಿಧಾನದ ಅಡ್ಡ ಹರಿವು ಇರುತ್ತದೆ. ಮುಖ್ಯ ವೇಗದ ಒಂದೆರಡು ಶೇಕಡಾ ಮಾತ್ರ, ಆದರೆ ಸದಾ ಇರುತ್ತದೆ. ಅದು ಹುಟ್ಟುವುದೇ ಏರಿಳಿತಗಳ ಪಾಲಿನ ವ್ಯತ್ಯಾಸದಿಂದ, ಹಾಗಾಗಿ ಸಾದಾ ಕೆ-ಎಪ್ಸಿಲಾನ್‌ನಲ್ಲಿ ಅದು ಸೊನ್ನೆ. ಇಕ್ಕಟ್ಟಾದ ಕಾಲುವೆಯಲ್ಲಿ ಅತಿ ಹೆಚ್ಚು ವೇಗ ನೀರಿನ ಮೇಲ್ಮೈಯಲ್ಲಿರದೆ ಸ್ವಲ್ಪ ಕೆಳಗಿರುವುದಕ್ಕೂ ಇದೇ ಕಾರಣ. ಇಲ್ಲಿ ವಾಲ್ ಭಾಗವೇ ರಾಜ. ಎಲ್‌ಆರ್‌ಆರ್ ಜೊತೆ ವಾಲ್ ರಿಫ್ಲೆಕ್ಷನ್ ಹಾಕಿ. ನೀರಿನ ಮೇಲ್ಮೈಯೂ ಅಡ್ಡ ಏರಿಳಿತವನ್ನು ತಡೆಯುತ್ತದೆ. ಅಲ್ಲಿಗೂ ರಿಫ್ಲೆಕ್ಷನ್ ಕೊಡದೆ ಸುಮ್ಮನೆ ಸಿಮೆಟ್ರಿ (ಘರ್ಷಣೆಯಿಲ್ಲದ ಗಡಿ) ಹಾಕಿದರೆ ಆ ವೇಗದ ಕುಸಿತ ಸರಿಯಾಗಿ ಸಿಗುವುದಿಲ್ಲ.

ಬೀದರಿನ ಕರೇಜ್ (ನೆಲದಡಿಯ ಹಳೆಯ ನೀರಿನ ಸುರಂಗ) ಮಾಡುತ್ತೇನೆ ಎಂದವರಿಗೆ ಒಂದೇ ಮಾತು. ಕಲ್ಲು ಕಡಿದು ಮಾಡಿದ ಸುರಂಗದ ಒರಟುತನವೇ ಸರಿಯಾಗಿ ಗೊತ್ತಿಲ್ಲದಾಗ ಪ್ರೆಷರ್-ಸ್ಟ್ರೈನ್ ಚರ್ಚೆ ಬೇಡ. ಕೆ-ಎಪ್ಸಿಲಾನ್ ಹಾಕಿ, ಒರಟುತನವನ್ನು ಮೇಲೆ ಕೆಳಗೆ ಮಾಡಿ ನೋಡಿ.

ಆರಿಸಿದ ಮೇಲೆ ಓಡಿಸುವುದು

ಮೊದಲ ಇಟರೇಶನ್‌ನಿಂದಲೇ ರೆನಾಲ್ಡ್ಸ್ ಸ್ಟ್ರೆಸ್ ಹಾಕಬೇಡಿ. ಕೆ-ಎಪ್ಸಿಲಾನ್‌ನಲ್ಲಿ ಒಂದು ಹದಕ್ಕೆ ತನ್ನಿ. ಆ ಕೆಯ ಮೂರನೇ ಎರಡು ಭಾಗವನ್ನು ಮೂರೂ ಸಾಮಾನ್ಯ (ನಾರ್ಮಲ್) ಸ್ಟ್ರೆಸ್‌ಗಳಿಗೆ, ಅಂದರೆ ಮೂರು ದಿಕ್ಕಿನ ಏರಿಳಿತದ ವರ್ಗಗಳಿಗೆ, ಕೊಟ್ಟು ಶುರು ಮಾಡಿ. ಸ್ಟ್ರೆಸ್‌ಗಳಿಗೆ ಮೊದಲು ಫಸ್ಟ್ ಆರ್ಡರ್ ಅಪ್‌ವಿಂಡ್ (ಒರಟಾದರೂ ಸ್ಥಿರವಾದ ಲೆಕ್ಕದ ವಿಧಾನ), ರಿಲ್ಯಾಕ್ಸೇಶನ್ (ಪ್ರತಿ ಸಲ ಉತ್ತರವನ್ನು ಎಷ್ಟು ಬದಲಿಸಬೇಕೆಂಬ ಪಾಲು) 0.3ರ ಆಸುಪಾಸು. ಸ್ಥಿರವಾದ ಮೇಲೆ ಸೆಕೆಂಡ್ ಆರ್ಡರ್‌ಗೆ ಹೋಗಿ. ಓಪನ್‌ಫೋಮ್‌ನಲ್ಲಿ ಸ್ಟ್ರೆಸ್ ಫೈಲಿನ ಆರು ಅಂಕಿಗಳ ಕ್ರಮ ನೆನಪಿರಲಿ: ಎಕ್ಸ್-ಎಕ್ಸ್, ಎಕ್ಸ್-ವೈ, ಎಕ್ಸ್-ಝೆಡ್, ವೈ-ವೈ, ವೈ-ಝೆಡ್, ಝೆಡ್-ಝೆಡ್. ಅಂದರೆ ಸಾಮಾನ್ಯ ಸ್ಟ್ರೆಸ್‌ಗಳು ಒಂದನೇ, ನಾಲ್ಕನೇ, ಆರನೇ ಜಾಗದಲ್ಲಿ. ಇದನ್ನು ಮೊದಲ ಮೂರು ಜಾಗಕ್ಕೆ ಹಾಕಿ, ಯಾಕೆ ಸ್ಫೋಟಿಸಿತು ಎಂದು ತಲೆ ಕೆರೆದುಕೊಳ್ಳುವವರು ಬಹಳ.

ಫಲಿತಾಂಶ ಬಂದ ಮೇಲೆ ಸಾಮಾನ್ಯ ಸ್ಟ್ರೆಸ್ ಎಲ್ಲಾದರೂ ನೆಗೆಟಿವ್ ಆಗಿದೆಯಾ ನೋಡಿ. ಏರಿಳಿತದ ವರ್ಗ ನೆಗೆಟಿವ್ ಆಗಲು ಸಾಧ್ಯವೇ ಇಲ್ಲ. ಐಪಿಯಂಥ ಸರಳ ಮಾಡೆಲ್‌ಗಳಲ್ಲಿ ಇದಕ್ಕೆ ಪೂರ್ತಿ ಗ್ಯಾರಂಟಿ ಇಲ್ಲ. ಕೋಡ್ ಅದನ್ನು ಒಳಗೇ ಕತ್ತರಿಸಿ ನಿಮಗೆ ತೋರಿಸದೆಯೂ ಇರಬಹುದು.

ಏಪ್ರಿಲ್, ಮೇ ತಿಂಗಳ ಕಲಬುರಗಿಯಲ್ಲಿ ಹಗಲು ಹೊತ್ತು ಲ್ಯಾಪ್‌ಟಾಪಿನಲ್ಲಿ ದೊಡ್ಡ ಕೇಸ್ ಓಡಿಸುವುದು ದಂಡ. ಪ್ರೊಸೆಸರ್ ಬಿಸಿಯಾಗಿ ತಾನೇ ವೇಗ ಇಳಿಸಿಕೊಳ್ಳುತ್ತದೆ. ರಾತ್ರಿ ಹಾಕಿ, ಫೈಲುಗಳನ್ನು ಆಗಾಗ ಉಳಿಸುವಂತೆ ಸೆಟ್ ಮಾಡಿ. ಕರೆಂಟ್ ಹೋದರೂ ಮೊದಲಿನಿಂದ ಶುರು ಮಾಡಬೇಕಾಗಿಲ್ಲ.

ರಿಪೋರ್ಟಿನಲ್ಲಿ ಬರೀ ಆರ್‌ಎಸ್‌ಎಂ ಎಂದು ಬರೆದು ಬಿಡಬೇಡಿ. ಯಾವ ಪ್ರೆಷರ್-ಸ್ಟ್ರೈನ್ ರೂಪ, ವಾಲ್ ರಿಫ್ಲೆಕ್ಷನ್ ಇತ್ತೋ ಇಲ್ಲವೋ, ಗುಣಾಂಕಗಳು ಎಷ್ಟು, ಮೊದಲ ಸೆಲ್ಲಿನ ವೈ-ಪ್ಲಸ್ ಎಷ್ಟು, ಸಾಫ್ಟ್‌ವೇರಿನ ಯಾವ ಆವೃತ್ತಿ, ಇಷ್ಟನ್ನೂ ಒಂದು ಸಣ್ಣ ಟೇಬಲ್‌ನಲ್ಲಿ ಹಾಕಿ. ವೈವಾದಲ್ಲಿ ಹೊರಗಿನಿಂದ ಬಂದ ಎಕ್ಸಾಮಿನರ್ ಮೊದಲು ಕೇಳುವುದು ಇದನ್ನೇ.